ಭೂಸ್ವರೂಪಶಾಸ್ತ್ರ ಭೂಗೋಳಕ್ಕೆ ಸೇರಿದ್ದೋ, ಭೂವಿಜ್ಞಾನಕ್ಕೋ?

ಬಿ.ಎ.ಯಲ್ಲಿ ಭೂಗೋಳ ತಗೊಂಡರೆ ಮೊದಲಿಗೇ ಬೆಟ್ಟ, ಬಂಡೆ, ಸವೆತ ಯಾಕೆ ಓದಿಸ್ತಾರೆ, ಅದು ಭೂವಿಜ್ಞಾನದವರ ಕೆಲಸ ಅಲ್ವಾ ಅಂತ ಕೇಳಿದ್ದೀರಿ. ನಾನು ತುಮಕೂರಿನಲ್ಲಿ ಈ ವಿಷಯವನ್ನೇ ಪಾಠ ಮಾಡುತ್ತೇನೆ. ಹಾಗಾಗಿ ಇಲ್ಲಿಯ ಬೆಟ್ಟಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಕಲ್ಲು ಯಾವ ಜಾತಿಯದು, ಎಷ್ಟು ಹಳೆಯದು ಅಂತ ಭೂವಿಜ್ಞಾನಿ ಹುಡುಕುತ್ತಾನೆ. ಅದಕ್ಕೆ ಈ ಆಕಾರ ಯಾಕೆ ಬಂತು ಅಂತ ಕೇಳಿದಾಗ ಭೂಸ್ವರೂಪಶಾಸ್ತ್ರ ಶುರುವಾಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವಾಗ ಬಂಡೆಯ ಮೈ ಗಮನಿಸಿ. ಕೆಲವು ಕಡೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಎದ್ದಿರುತ್ತದೆ. ಅಲ್ಲಿ ಸಣ್ಣ ಕಲ್ಲಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಈ ಭಾಗದ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ತಣ್ಣಗಾಗಿ ಗಟ್ಟಿಯಾದದ್ದು. ಮೇಲಿದ್ದ ಹೊರೆ ನಿಧಾನವಾಗಿ ಸವೆದಂತೆ ಒತ್ತಡ ಇಳಿಯಿತು, ಬಂಡೆ ಹಿಗ್ಗಿತು, ಪದರ ಪದರವಾಗಿ ಸೀಳಿತು. ಬಿರುಕು ಜಾಸ್ತಿ ಇದ್ದ ಕಲ್ಲು ಬೇಗ ಕರಗಿ ಹೋಯಿತು. ಬಿರುಕು ಕಡಿಮೆ ಇದ್ದದ್ದು ಬೆಟ್ಟವಾಗಿ ಉಳಿಯಿತು.

ಇದರಲ್ಲಿ ಭೂಗೋಳ ಎಲ್ಲಿದೆ ಅಂತೀರಾ? ತುಮಕೂರಿನ ಹತ್ತಿರದ ದೇವರಾಯನದುರ್ಗ ನೋಡಿ. ಶಿಂಷಾ ನದಿ ಈ ಗುಡ್ಡಗಳಲ್ಲಿ ಹುಟ್ಟಿ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಜಯಮಂಗಲಿಯೂ ಇಲ್ಲೇ ಹುಟ್ಟಿ ಉತ್ತರಕ್ಕೆ ಹೋಗಿ ಉತ್ತರ ಪಿನಾಕಿನಿ (ಪೆನ್ನಾರ್) ನದಿ ಸೇರುತ್ತದೆ. ಬಿದ್ದದ್ದು ಒಂದೇ ಮಳೆ, ಆದರೆ ದಿಣ್ಣೆಯ ಈಚೆ ಬಿದ್ದ ನೀರಿಗೆ ತಮಿಳುನಾಡಿನ ದಾರಿ, ಆಚೆ ಬಿದ್ದದ್ದಕ್ಕೆ ಆಂಧ್ರದ ದಾರಿ! ಬೋಳು ಬಂಡೆ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಎಲ್ಲ ಬುಡಕ್ಕೆ ಇಳಿಯುತ್ತದೆ. ನಮ್ಮ ಹಿರಿಯರು ಅದನ್ನು ನೋಡಿಯೇ ಅಲ್ಲಿ ಏರಿ ಹಾಕಿ ಕೆರೆ ಕಟ್ಟಿದರು. ಕೆರೆಯ ಕೆಳಗೆ ಗದ್ದೆ, ತೋಟ ಬಂದವು, ಪಕ್ಕದಲ್ಲಿ ಊರು ಬೆಳೆಯಿತು. ನೆಲದ ಆಕಾರ ಬಿಟ್ಟು ಬೆಳೆ, ವಸತಿ, ರಸ್ತೆ ಓದಲು ಹೊರಟರೆ ಸುಮ್ನೆ ಹೆಸರುಗಳ ಪಟ್ಟಿ ಬಾಯಿಪಾಠ ಮಾಡಿದ ಹಾಗೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ನಿಮ್ಮ ಅನುಮಾನಕ್ಕೂ ಕಾರಣ ಇದೆ. ಅಮೆರಿಕದಲ್ಲಿ ಈ ವಿಷಯವನ್ನು ಹೆಚ್ಚಾಗಿ ಭೂವಿಜ್ಞಾನ ವಿಭಾಗದಲ್ಲೇ ಕಲಿಸುತ್ತಾರೆ. ಬ್ರಿಟನ್ ಮತ್ತು ಭಾರತದಲ್ಲಿ ಭೂಗೋಳ ವಿಭಾಗದಲ್ಲಿ. ಆದರೆ ನೆಲಕ್ಕೂ ಯೌವನ, ಪ್ರೌಢತೆ, ಮುಪ್ಪು ಇದೆ ಅಂತ 1899ರಲ್ಲಿ ವಿವರಿಸಿದ ಅಮೆರಿಕದ ಭೂಗೋಳತಜ್ಞ ವಿಲಿಯಂ ಮೋರಿಸ್ ಡೇವಿಸ್ ಅದಕ್ಕೆ ಕೊಟ್ಟ ಹೆಸರೇ ‘ಭೌಗೋಳಿಕ ಚಕ್ರ’.

ನಿಮ್ಮ ತಾಲ್ಲೂಕಿನ ಟೋಪೋಶೀಟ್, ಅಂದರೆ ನೆಲದ ಏರುತಗ್ಗು ತೋರಿಸುವ ನಕ್ಷೆ, ಸಿಕ್ಕರೆ ತಗೊಳ್ಳಿ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳು ಒತ್ತಾಗಿರುವ ಕಡೆ ಗುಡ್ಡದ ಕಡಿದಾದ ಇಳಿಜಾರು ಇರುತ್ತದೆ. ಅದರ ಕೆಳಗೆ ಎಷ್ಟು ಕೆರೆಗಳಿವೆ ಅಂತ ಗುರುತು ಹಾಕುತ್ತಾ ಹೋಗಿ.