ನಿಧಾನ ಇಳಿಸುವುದು ಯಾವುದು?

2025ರಲ್ಲಿ ತೂಕ ಇಳಿಸುವ ಇಂಜೆಕ್ಷನ್‌ಗಳಾದ ಮೌಂಜಾರೊ, ಅದರ ಬೆನ್ನಿಗೇ ವೀಗೋವಿ ನಮ್ಮಲ್ಲಿ ಸಿಗತೊಡಗಿದ ಮೇಲೆ ನನ್ನ ಕೋಣೆಗೆ ಬರುವವರದ್ದು ಒಂದೇ ಪ್ರಶ್ನೆ: ‘ಯಾವುದರಲ್ಲಿ ಜಾಸ್ತಿ ಇಳಿಯುತ್ತದೆ?’ ನಾನು ಡಾಕ್ಟರ್ ಅಲ್ಲ, ಆಪ್ತಸಲಹೆಗಾರ್ತಿ ಅಂದರೂ ಬಿಡುವುದಿಲ್ಲ. ಕಾಸರಗೋಡಿಗೆ ಹೊಸ ಮದ್ದಿನ ಸುದ್ದಿ ಮಂಗಳೂರಿಗಿಂತ ಮೊದಲು ಗಲ್ಫಿನಿಂದ ಬರುತ್ತದೆ.

ಬದಿಯಡ್ಕ ಕಡೆಯ ಒಬ್ಬಳು ಮಾತ್ರ ತಿರುಗಿಸಿ ಕೇಳಿದಳು. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿ ಹೇಳುತ್ತಿದ್ದೇನೆ. ಮೂವತ್ತರ ಹತ್ತಿರ, ಮದುವೆಯಾಗಿ ನಾಲ್ಕು ವರ್ಷ, ಗಂಡ ಶಾರ್ಜಾದಲ್ಲಿ. ಪಿಸಿಒಎಸ್ ಇದೆ, ಅಂದರೆ ಹಾರ್ಮೋನ್ ಏರುಪೇರಿನಿಂದ ಮುಟ್ಟು, ಅಂಡ ಬಿಡುಗಡೆ ತಪ್ಪುವ ತೊಂದರೆ; ತೂಕ ಇಳಿದರೆ ಮಗುವಾಗುವುದು ಸುಲಭ ಎಂದು ಡಾಕ್ಟರ್ ಹೇಳಿದ್ದರು. ಅತ್ತೆ ಇಂಜೆಕ್ಷನ್ನಿಗೆಂದೇ ಅಡಿಕೆ ಮಾರಿದ ದುಡ್ಡು ತೆಗೆದಿಟ್ಟಿದ್ದರು.

ಅವಳ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ. ಎರಡೂ ವಾರಕ್ಕೊಂದು ಚುಚ್ಚುವುದು. ಮೌಂಜಾರೊ 2.5 ಮಿಲಿಗ್ರಾಂನಿಂದ ಶುರು, ವೀಗೋವಿ 0.25ರಿಂದ. ಎರಡನ್ನೂ ನೇರ ಹೋಲಿಸಿದ ಅಧ್ಯಯನದಲ್ಲಿ 72 ವಾರಕ್ಕೆ ಮೌಂಜಾರೊದ ಮದ್ದಿನಲ್ಲಿ ಶೇ. 20ರಷ್ಟು, ವೀಗೋವಿಯದ್ದರಲ್ಲಿ ಶೇ. 14ರಷ್ಟು ತೂಕ ಇಳಿದಿತ್ತು. ಎಲ್ಲ ಸರಿಯಾಗಿಯೇ ಬರೆದುಕೊಂಡಿದ್ದಳು. ‘ಹಾಗಾದರೆ ತೀರ್ಮಾನ ಆಯ್ತಲ್ವಾ?’ ಅಂದೆ. ಅವಳು 14ರ ಮೇಲೆ ಬೆರಳಿಟ್ಟಳು.

‘ನಿಧಾನ ಇಳಿಸುವುದು ಇದೇ ಅಲ್ವಾ? ಇದಕ್ಕಿಂತ ನಿಧಾನದ್ದು ಇದೆಯಾ ಅಕ್ಕ?’

ಹೆದರಿದ್ದಾಳೆ ಅಂದುಕೊಂಡೆ. ವಾಕರಿಕೆ, ಮಲಬದ್ಧತೆ, ಡೋಸ್ ಮೆಲ್ಲ ಏರಿಸುವುದು ಅಂತ ಶುರು ಮಾಡಿದೆ. ನನ್ನದು ಇದೊಂದು ಕೆಟ್ಟ ಅಭ್ಯಾಸ, ಗೊತ್ತಿದ್ದದ್ದನ್ನೆಲ್ಲ ಸುರಿದುಬಿಡುವುದು. ಅವಳು ಪೂರ್ತಿ ಕೇಳಿಸಿಕೊಂಡು, ‘ತೂಕ ಇಳಿದರೆ ಆಮೇಲೆ ನನಗೆ ಹೇಳಲಿಕ್ಕೆ ಏನೂ ಉಳಿಯುವುದಿಲ್ಲ’ ಅಂದಳು.

ಅವಳಿಗೆ ಈಗ ಮಗು ಬೇಡ. ಬಿ.ಎಡ್. ಮುಗಿಸಬೇಕು. ಮುಟ್ಟು ಸರಿಯಾಗಲಿ ಎಂದು ಹಿಂದೆ ಬರೆದುಕೊಟ್ಟ ಗರ್ಭನಿರೋಧಕ ಗುಳಿಗೆಯನ್ನು ನಿಲ್ಲಿಸಿಯೇ ಇಲ್ಲ. ಮನೆಯವರ ಲೆಕ್ಕದಲ್ಲಿ ಅದು ಬಸುರಾಗಲು ತೆಗೆದುಕೊಳ್ಳುವ ಮದ್ದು!

ಅವಳ ಕಾಲಂಗಳಲ್ಲಿ ಈ ಗುಳಿಗೆಗೆ ಜಾಗವೇ ಇರಲಿಲ್ಲ. ಮೌಂಜಾರೊ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಗುಳಿಗೆ ಮೈಗೆ ಹತ್ತುವುದು ಕಡಿಮೆಯಾಗಬಹುದು. ಶುರು ಮಾಡಿದ ಮೇಲೆ ನಾಲ್ಕು ವಾರ, ಪ್ರತಿ ಸಲ ಡೋಸ್ ಏರಿಸಿದ ಮೇಲೆ ಮತ್ತೆ ನಾಲ್ಕು ವಾರ, ಕಾಂಡೋಮಿನಂಥ ಇನ್ನೊಂದು ಉಪಾಯ ಬೇಕು. ವೀಗೋವಿಗೆ ಆ ಎಚ್ಚರಿಕೆ ಇಲ್ಲ, ಆದರೆ ಮಗು ಬೇಕೆನ್ನುವಾಗ ಎರಡು ತಿಂಗಳಾದರೂ ಮೊದಲು ನಿಲ್ಲಿಸಬೇಕು. ಸಾಲದ್ದಕ್ಕೆ, ಪಿಸಿಒಎಸ್ ಇದ್ದವರಿಗೆ ತೂಕ ಇಳಿದಂತೆ ಅಂಡ ಬಿಡುಗಡೆ ಸರಿಹೋಗಿ ಬೇಡದ ಹೊತ್ತಿಗೆ ಬಸುರಾಗಬಹುದು. ಗುಳಿಗೆಯ ವಿಷಯ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳು, ಅಂದೆ.

ಎರಡನೆಯ ಸಲಹೆ, ಮೊದಲ ಸಲ ಚುಚ್ಚುವ ಮುಂಚೆ ಗಂಡನಿಗೆ ಹೇಳು. ಅತ್ತೆಗಲ್ಲ, ಗಂಡನಿಗೆ. ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರು ಸಿಟ್ಟಾದರು. ಅವಳ ಮೈ, ಅವಳ ಗುಟ್ಟು, ನೀವು ಯಾರು ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಗಂಡನೆಂದರೆ ಹೆದರಿಕೆ ಇದೆಯಾ, ಕೈ ಮಾಡುತ್ತಾನಾ ಎಂದು ಮೊದಲೇ ಕೇಳಿದ್ದೆ. ಅವಳು ನಕ್ಕಳು. ಹೌದು ಅಂದಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು. ನಾನು ಇಂಜೆಕ್ಷನ್ನಿನ ವಿರೋಧಿಯೂ ಅಲ್ಲ. ಮೊಣಕಾಲು ನೋಯುತ್ತದೆ, ಇಳಿದರೆ ನನಗೂ ಒಳ್ಳೆಯದೇ ಅಂದಳು, ಆ ಕಾರಣ ಸಾಕು. ಆದರೆ ದಿನ ದೂಡಲಿಕ್ಕೆ ಅಂತ ವಾರವಾರ ಚುಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. ವೀಗೋವಿಯ ಮದ್ದು ನಿಲ್ಲಿಸಿದವರನ್ನು ಗಮನಿಸಿದಾಗ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವರ್ಷದೊಳಗೆ ವಾಪಸ್ ಬಂದಿತ್ತು.

ಆರು ವಾರ ಬಿಟ್ಟು ಬಂದಳು. ಫೋನಿನಲ್ಲಿ ಹೇಳಿದ್ದಳಂತೆ. ಅವನು ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಬಿ.ಎಡ್. ಫೀಸೆಷ್ಟು ಎಂದು ಕೇಳಿದ. ಇಂಜೆಕ್ಷನ್ ಇನ್ನೂ ಶುರುವಾಗಿಲ್ಲ. ಡಾಕ್ಟರ್ ಕಾಯಲಿಕ್ಕೆ ಹೇಳಿದ್ದಾರೆ ಎಂದು ಅಮ್ಮನಿಗೆ ಅವನೇ ಹೇಳಿದ್ದಾನೆ. ಡಾಕ್ಟರ್ ಹಾಗೆ ಹೇಳಿಯೇ ಇಲ್ಲ. ಅದಕ್ಕೆ ನಾನೇನೂ ಅನ್ನಲಿಲ್ಲ.