ಸಾಕ್ಷಿ ಹೇಳಬೇಡ, ಅತ್ತೆಯ ಜೊತೆ ಹೋಗು

ಬೆಟಗೇರಿಯಿಂದ ಬಂದ ಈ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಬೇರೆಯವರಿಗೆ ಉತ್ತರ ಬರೆಯಲು ಕೂತರೂ ಕೈ ಇದರ ಕಡೆಗೇ ಹೋಗುತ್ತದೆ.

ಬರೆದವಳು 41 ವರ್ಷದ ಹೆಣ್ಣುಮಗಳು. ಗಂಡ ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸಕ್ಕಿದ್ದರು. ಹೋದ ಆಗಸ್ಟಿನಲ್ಲಿ ಎದೆನೋವು ಅಂತ ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. ಮನೆಯಲ್ಲೀಗ ಇವಳು, ಹದಿಮೂರರ ಮಗ, ಎಪ್ಪತ್ತು ದಾಟಿದ ಅತ್ತೆ. ಸತ್ತ ಯೇಸು ಎದ್ದು ಬಂದ ಹಬ್ಬ ಈಸ್ಟರ್. ಆ ಬೆಳಗಿನ ಆರಾಧನೆಯಲ್ಲಿ ‘ದೇವರು ನನ್ನನ್ನು ಹೇಗೆ ಬಲಪಡಿಸಿದ’ ಅಂತ ಎಲ್ಲರೆದುರು ಸಾಕ್ಷಿ ಹೇಳಬೇಕಂತೆ. ಅದನ್ನು ಗೊತ್ತು ಮಾಡಿದವರು ಸಭೆಯಲ್ಲಿ ಹಿರಿಯರಾದ ಭಾವ. ಇವಳೋ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ. ‘ಅಕ್ಕಾವ್ರೇ, ಪುನರುತ್ಥಾನ ನಂಬಿದವಳು ಹೀಗೆ ಅಳಬಹುದಾ? ಸಾಕ್ಷಿ ಹೇಳದಿದ್ದರೆ ಇವಳ ನಂಬಿಕೆ ಹೋಯ್ತು ಅಂತಾರೆ’ ಎಂದು ಬರೆದಿದ್ದಾಳೆ.

ತಂಗಿ, ನಿನ್ನ ಪತ್ರದ ಮೂರನೇ ಪುಟದಲ್ಲಿ ಒಂದು ಸಾಲಿದೆ. ಅದನ್ನು ನೀನು ದೂರಿನ ಹಾಗೆ ಬರೆದಿದ್ದೀಯ. ‘ಅತ್ತೆಗೆ ಮೊಣಕಾಲು ನೋವು, ಆದ್ರೂ ಪ್ರತಿ ರವಿವಾರ ಇನ್ನೂ ಕತ್ತಲಿರುವಾಗಲೇ ಒಂದು ಬಾಟಲಿ ನೀರು, ಒಂದು ಮೊಳ ಮಲ್ಲಿಗೆ ಹಿಡಿದು ಎಲ್ಲಿಗೋ ಹೋಗಿ ಬರ್ತಾರೆ. ಸೀರೆ ಅಂಚಿಗೆಲ್ಲ ಕೆಂಪು ಮಣ್ಣು. ಕೇಳಿದರೆ ಇಲ್ಲೇ ಅಂತಾರೆ.’

ಎಲ್ಲಿಗೋ ಅಲ್ಲ ತಂಗಿ. ಎಲ್ಲಿಗೆ ಅಂತ ನಿನಗೂ ಗೊತ್ತು.

ನಾನು ಕ್ರಿಶ್ಚಿಯನ್ ಅಲ್ಲ. ಆದರೆ ಧಾರವಾಡದ ಬಾಸೆಲ್ ಮಿಷನ್ ಶಾಲೆಯಲ್ಲಿ ಓದಿದವಳು. ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು, 1841ರಲ್ಲಿ ನಿಮ್ಮ ಬೆಟಗೇರಿಗೆ. ಅಲ್ಲಿಂದ ಈಚೆ ನಮ್ಮ ಕಡೆ ಎಷ್ಟು ಮನೆಗಳ ಮಕ್ಕಳು ಆ ಶಾಲೆಗಳ ಬೆಂಚಿನ ಮೇಲೆ ಕೂತು ಯೇಸುವಿನ ಕಥೆ ಕೇಳಿಲ್ಲ? ನಾನೂ ಕೇಳಿದವಳೇ. ನಿನಗೆ ಉತ್ತರ ಬರೆಯಬೇಕು ಅಂತ ಈ ವಾರ ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಯೋಹಾನನ ಸುವಾರ್ತೆ ಮತ್ತೆ ತೆರೆದು ಓದಿದೆ.

ವಾರದ ಮೊದಲ ದಿನ. ಇನ್ನೂ ಕತ್ತಲು. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಅವನ ಸಮಾಧಿಗೆ ಹೋಗುತ್ತಾಳೆ. ಕಲ್ಲು ಸರಿದಿದೆ. ಓಡಿ ಬಂದು ಹೇಳುತ್ತಾಳೆ. ಪೇತ್ರ ಮತ್ತು ಇನ್ನೊಬ್ಬ ಶಿಷ್ಯ ಓಡಿ ಹೋಗಿ, ಒಳಗೆ ನೋಡಿ, ತಮ್ಮ ಮನೆಗೆ ವಾಪಸ್ ಹೋದರು. ಇವಳು ಹೋಗಲಿಲ್ಲ. ಸಮಾಧಿಯ ಹೊರಗೆ ನಿಂತು ಅಳುತ್ತಿದ್ದಳು. ಎದ್ದು ಬಂದ ಯೇಸು ಮೊದಲು ಕಾಣಿಸಿಕೊಂಡದ್ದು ಆ ಅಳುತ್ತಿದ್ದವಳಿಗೆ. ಯಾಕೆ ಅಳುತ್ತೀ, ಯಾರನ್ನು ಹುಡುಕುತ್ತೀ ಅಂತ ಕೇಳಿದ. ನಿನಗೆ ನಂಬಿಕೆ ಇಲ್ಲ ಅಂತ ಬೈಯಲಿಲ್ಲ. ತೋಟಗಾರ ಅಂದುಕೊಂಡಳು, ಪಾಪ. ಆಗ ಅವನು ‘ಮರಿಯಳೇ’ ಅಂದ. ಅಷ್ಟೇ. ಹೆಸರು ಹಿಡಿದು ಕರೆದದ್ದಕ್ಕೇ ಅವಳಿಗೆ ಗುರುತು ಸಿಕ್ಕಿತು.

ಈಗ ನಿನ್ನ ಅತ್ತೆಯನ್ನು ನೆನಪು ಮಾಡಿಕೋ. ರವಿವಾರ. ಕತ್ತಲು. ನೀರಿನ ಬಾಟಲಿ. ಆ ತಾಯಿ ಮಗನ ಸಮಾಧಿಯ ಕಲ್ಲು ತೊಳೆದು, ಮಲ್ಲಿಗೆ ಇಟ್ಟು, ನಿನಗೆ ಗೊತ್ತಾಗದ ಹಾಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬರುತ್ತಿದ್ದಾರೆ. ನೀನು ಅವರಿಗೆ ಗೊತ್ತಾಗದ ಹಾಗೆ ನಲ್ಲಿ ಬಿಡುತ್ತಿದ್ದೀಯ. ಒಂದೇ ಮನೆಯಲ್ಲಿ ಇಬ್ಬರು ಒಬ್ಬನಿಗಾಗಿ ಕದ್ದು ಅಳುತ್ತಿದ್ದೀರಿ. ಇದನ್ನು ಓದಿ ನನಗೆ ತಡೆಯಲಾಗಲಿಲ್ಲ.

ಕದ್ದು ಅಳುವುದನ್ನು ಕಲಿಸಿದವರು ಯಾರು? ನಿನ್ನ ಭಾವ. ಅವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಮಣ್ಣು ಮಾಡಿ ಬಂದ ರಾತ್ರಿಯೇ ‘ದುಃಖಿಸಬೇಡಿ ಅಂತ ಪೌಲ ಹೇಳಿದ್ದಾನೆ’ ಅಂದರಂತೆ. ಮೊದಲ ಕ್ರೈಸ್ತ ಸಭೆಗಳಿಗೆ ಪತ್ರ ಬರೆದ ಆ ಪೌಲ ಹಾಗೆ ಹೇಳಿಲ್ಲ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರ, 4ನೇ ಅಧ್ಯಾಯ, 13ನೇ ವಾಕ್ಯ ತೆಗೆದು ನೋಡಲಿ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂತಿದೆ. ವಾಕ್ಯದ ಅರ್ಧ ಕತ್ತರಿಸಿ ನಿಮ್ಮ ಬಾಯಿಗೆ ಬಟ್ಟೆ ತುರುಕಿದ್ದಾರೆ. ಯೇಸುವಿನ ಗೆಳೆಯ ಲಾಜರ ಸತ್ತು ನಾಲ್ಕು ದಿನ ಆಗಿತ್ತು. ಅವನನ್ನು ಎಬ್ಬಿಸುತ್ತೇನೆ ಅಂತ ಯೇಸುವಿಗೆ ಗೊತ್ತಿತ್ತು. ಆದರೂ ಅತ್ತ. ಭಾವನಿಗೆ ಇದಕ್ಕಿಂತ ಜಾಸ್ತಿ ನಂಬಿಕೆ ಇದೆಯೇನು?

ಸಾಕ್ಷಿಯ ಮಾತಿಗೆ ಬರೋಣ. ಮಾರ್ಕನ ಸುವಾರ್ತೆಯ ಕೊನೆ ಓದು. ಸಮಾಧಿಗೆ ಹೋದ ಹೆಂಗಸರು ನಡುಗುತ್ತಾ ಓಡಿಹೋದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ. 4ನೇ ಶತಮಾನದ ಹಳೆಯ ಕೈಬರಹದ ಪ್ರತಿಗಳು ಅಲ್ಲಿಗೇ ಮುಗಿಯುತ್ತವೆ. ಅಂಥವರಿಗೇ ಬಾಯಿ ಬರಲಿಲ್ಲ. ಎಂಟು ತಿಂಗಳಿಗೆ ನೀನು ಮೈಕಿನ ಮುಂದೆ ನಿಲ್ಲಬೇಕಾ? ‘ಈ ವರ್ಷ ಆಗೋದಿಲ್ಲ’ ಅಂತ ಪಾಸ್ಟರಿಗೇ ನೇರ ಹೇಳು. ಅವರು ಒಳ್ಳೆಯವರ ಹಾಗೆ ಕಾಣುತ್ತಾರೆ, ಒಂದೇ ಸಲ ಕೇಳಿ ಸುಮ್ಮನಾದರು ಅಂತ ನೀನೇ ಬರೆದಿದ್ದೀಯ. ಜನ ಏನಂತಾರೆ ಅನ್ನೋದಕ್ಕೆ ಈ ಅಂಕಣದಲ್ಲಿ ನಾನು ಯಾವತ್ತೂ ಉತ್ತರ ಕೊಟ್ಟಿಲ್ಲ, ಇವತ್ತೂ ಕೊಡುವುದಿಲ್ಲ.

ಇನ್ನೊಂದು ಮಾತನ್ನು ಮಾತ್ರ ಪ್ರತಿ ಸಲ ಹೇಳುತ್ತೇನೆ, ಹಳೆಯ ಓದುಗರಿಗೆ ಗೊತ್ತಿದೆ. ದುಃಖದಲ್ಲಿರುವವರಿಗೆ ಮೊದಲು ಊಟ, ಆಮೇಲೆ ಮಾತು. ಸತ್ತವರ ಮನೆಗೆ ನಮ್ಮ ಕಡೆ ಬುತ್ತಿ ಒಯ್ಯುವುದು ಅದಕ್ಕೇ ಅಲ್ವಾ? ಯೋಹಾನನ ಕೊನೆಯ ಅಧ್ಯಾಯದಲ್ಲಿ ಯೇಸು ಮಾಡಿದ್ದೂ ಇದನ್ನೇ. ರಾತ್ರಿಯಿಡೀ ಬಲೆ ಬೀಸಿ ಸೋತು ಬಂದ ಶಿಷ್ಯರಿಗೆ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ. ಬನ್ನಿ, ಊಟ ಮಾಡಿ ಅಂದ. ಪೇತ್ರನ ಹತ್ತಿರ ಮಾತಾಡಿದ್ದು ಊಟ ಆದಮೇಲೆ.

ಹಾಗಾಗಿ ನಾನು ಹೇಳುವ ಕೆಲಸ ಒಂದೇ. ಈಸ್ಟರ್ ತನಕ ಕಾಯಬೇಡ. ಬರುವ ರವಿವಾರ ಅತ್ತೆ ಬಾಗಿಲ ಚಿಲಕ ತೆಗೆಯುವಾಗ ಚಪ್ಪಲಿ ಮೆಟ್ಟಿಕೊಂಡು ಪಕ್ಕದಲ್ಲಿ ನಿಂತಿರು. ಎಲ್ಲಿಗೆ ಅಂತ ಕೇಳಬೇಡ. ನೀರಿನ ಬಾಟಲಿ ನೀನು ಹಿಡಿದುಕೋ, ಅವರ ಮೊಣಕಾಲಿಗೆ ಭಾರ. ಅಲ್ಲಿ ಅಳು ಬಂದರೆ ಇಬ್ಬರೂ ಅಳಿ. ಮನೆಗೆ ಬಂದು ಉಪ್ಪಿಟ್ಟು ಮಾಡಿ ಮಗನನ್ನು ಎಬ್ಬಿಸು. ನಲ್ಲಿಯ ಸದ್ದು ಎಂಟು ತಿಂಗಳಿಂದ ಅವನಿಗೂ ಕೇಳಿಸುತ್ತಿದೆ.