ಸಾಂಟೊರಿನಿಯ ಜ್ವಾಲಾಮುಖಿಯನ್ನು ಹತ್ತಿರದಿಂದ ನೋಡಬಹುದೇ?

ಪ್ರಶ್ನೆ: ಮಂಡಿನೋವಿರುವ ತಾಯಿಯವರೊಡನೆ ಗ್ರೀಸ್‌ನ ಸಾಂಟೊರಿನಿ ದ್ವೀಪಕ್ಕೆ ಹೋಗುವವನಿದ್ದೇನೆ. ಅಲ್ಲಿನ ಜ್ವಾಲಾಮುಖಿಯನ್ನು ಅವರಿಗೂ ತೋರಿಸಲು ಸಾಧ್ಯವೇ?

ಉತ್ತರ: ನೀವು ತಂಗುವ ದ್ವೀಪವೇ ಜ್ವಾಲಾಮುಖಿಯ ಅಂಚು. ಸುಮಾರು 3,600 ವರ್ಷಗಳ ಹಿಂದಿನ ಮಹಾಸ್ಫೋಟದಲ್ಲಿ ನೆಲ ಕುಸಿದು ಕಡಲು ಒಳನುಗ್ಗಿದ್ದರಿಂದ, ಫಿರಾ ಪಟ್ಟಣದ ಕಟ್ಟೆಯ ಮೇಲೆ ಕುಳಿತೇ ತಾಯಿಯವರು ಆ ಬೃಹತ್ ಕುಳಿಯನ್ನು ಕಣ್ತುಂಬ ನೋಡಬಹುದು. ಕುಳಿಯ ನಡುವೆ ನಿಯಾ ಕಮೆನಿ ಎಂಬ ಕಪ್ಪು ಲಾವಾದ ನಡುಗಡ್ಡೆಯಿದೆ. 1950ರಲ್ಲಿ ಕೊನೆಯ ಬಾರಿ ಸ್ಫೋಟಿಸಿದ ಅದರ ಬಾಯಿಯವರೆಗೆ ದೋಣಿಯಿಂದಿಳಿದು ನಡೆದೇ ಹೋಗಬೇಕು. ಕಾಲಡಿ ಜಾರುವ ಜಲ್ಲಿ, ಎಲ್ಲಿಯೂ ನೆರಳಿಲ್ಲದ ಏರುದಾರಿ. ಅಲ್ಲಿಗೆ ಅವರನ್ನು ಖಂಡಿತ ಕರೆದೊಯ್ಯಬೇಡಿ, ನೀವು ಬೆಳಿಗ್ಗೆಯೇ ಹೋಗಿಬನ್ನಿ.

ಅವರಿಗೆ ಅಕ್ರೋತಿರಿಯನ್ನು ತೋರಿಸಿ. 1967ರಿಂದ ಉತ್ಖನನ ನಡೆದ ಈ ಪ್ರಾಚೀನ ಪಟ್ಟಣಕ್ಕೆ ಈಗ ಚಾವಣಿಯಿದೆ. ಆ ಮಹಾಸ್ಫೋಟದ ಬೂದಿಯಡಿ ಉಳಿದುಬಂದ ದೊಡ್ಡ ಮಣ್ಣಿನ ಗುಡಾಣಗಳನ್ನೂ ಭೂಕಂಪದಿಂದ ನಡುವೆಯೇ ಸೀಳಿದ ಕಲ್ಲಿನ ಮೆಟ್ಟಿಲುಗಳನ್ನೂ ಅಲ್ಲಿ ಕಾಣಬಹುದು. ಮನುಷ್ಯರ ಅಸ್ಥಿಗಳು ಸಿಗದಿರುವುದರಿಂದ ಜನರು ಮೊದಲೇ ಊರು ಬಿಟ್ಟಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ನನಗೆ ಅತ್ಯಂತ ಸಮಾಧಾನ ತರುವ ಸಂಗತಿ ಅದೇ.

ಹಳೆಯ ಬಂದರಿನಿಂದ ಫಿರಾಕ್ಕೆ ಸುಮಾರು 600 ಮೆಟ್ಟಿಲುಗಳಿವೆ. ಕತ್ತೆಗಳ ಬೆನ್ನೇರದೆ ದಯವಿಟ್ಟು ಕೇಬಲ್ ಕಾರ್ ಬಳಸಿ. 2025ರ ಆರಂಭದಲ್ಲಿ ಅಲ್ಲಿ ಸರಣಿ ಭೂಕಂಪಗಳಾಗಿದ್ದವು. ಹೊರಡುವ ಮುನ್ನ ಅಧಿಕೃತ ಸೂಚನೆಗಳನ್ನು ಓದಿಕೊಳ್ಳಿ.